ಉಳಿದದ್ದೆಲ್ಲ ಸರಿ

"ಬೆಳಿಗ್ಗೆಯಿಂದ ಪ್ರೋಗ್ರಾಮು ಹನ್ನೊಂದು ಸಲ ನಿಂತಿದೆ. ಇವತ್ತಿನ ರಿಪೋರ್ಟು ಒಂದೂ ಆಚೆ ಹೋಗಿಲ್ಲ. ಹಳೇ ಸಾಲೇ ವಾಪಸ್ ಹಾಕಮ್ಮ," ಎಂದು ಮ್ಯಾನೇಜರು, ಆಸ್ಪತ್ರೆಯ ರಿಪೋರ್ಟಿನ ಪ್ರೋಗ್ರಾಮು ನೋಡಿಕೊಳ್ಳುವ ಅವಳ ಕುರ್ಚಿಯ ಬೆನ್ನಿಗೇ ಬಂದು ನಿಂತರು.

ಅವಳಿಗೆ ಮೈಯೆಲ್ಲ ಉರಿಯಿತು. ಮೂರು ದಿನದಿಂದ ಹೇಳಿ ಹೇಳಿ ಸಾಕಾಗಿತ್ತು. ಅವತ್ತು ಆಸ್ಪತ್ರೆಯ ಲ್ಯಾಬಿನವಳು ಹೆಪ್ಪುಗಟ್ಟಿ ಪರೀಕ್ಷೆಗೆ ಬಾರದ ರಕ್ತದ ಟ್ಯೂಬೊಂದನ್ನು ಕೈಯಾರೆ ಕಸದ ಡಬ್ಬಿಗೆ ಹಾಕಿದ್ದಳು. ಸಂಜೆ ನೋಡಿದರೆ ಅದೇ ಟ್ಯೂಬಿಗೆ 'ತೊಂದರೆಯಿಲ್ಲ' ಎಂದು ರಿಪೋರ್ಟು ಹೋಗಿತ್ತು.

ತಪ್ಪು ಹುಡುಕುವುದು ಕಷ್ಟವಾಗಲಿಲ್ಲ. ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯ ಆ ಪ್ರೋಗ್ರಾಮನ್ನು ಇಪ್ಪತ್ತು ವರ್ಷದ ಹಿಂದೆ ಬರೆದವರು ಇದೇ ಮ್ಯಾನೇಜರು. ಆಗಿನ ಯಂತ್ರ ಮೂರೇ ಬಗೆಯ ಉತ್ತರ ಕೊಡುತ್ತಿತ್ತು: ಸೋಂಕು ಇದೆ, ಪರೀಕ್ಷೆ ಇನ್ನೂ ಮುಗಿದಿಲ್ಲ, ಸೋಂಕು ಇಲ್ಲ. ಮೊದಲೆರಡನ್ನು ಹೆಸರು ಹಿಡಿದು ಕೇಳಿ, ಉಳಿದದ್ದೇನು ಬಂದರೂ 'ತೊಂದರೆಯಿಲ್ಲ' ಅನ್ನು ಎಂದು ಬರೆದು ಅವರು ಕೈತೊಳೆದುಕೊಂಡಿದ್ದರು. ಎರಡು ತಿಂಗಳ ಹಿಂದೆ ಬಂದ ಹೊಸ ಯಂತ್ರ ನಾಲ್ಕನೆಯದೊಂದನ್ನು ಹೇಳುತ್ತಿತ್ತು: ರಕ್ತ ಕೆಟ್ಟಿದೆ, ಪರೀಕ್ಷೆ ಆಗಲಿಲ್ಲ. ಪ್ರೋಗ್ರಾಮು ಅದನ್ನೂ ಉಳಿದದ್ದರಲ್ಲಿ ಸೇರಿಸಿ ಸಲೀಸಾಗಿ ದಾಟಿಸುತ್ತಿತ್ತು.

ನಾಲ್ಕನೆಯದಕ್ಕೆ ಏನೆಂದು ಬರೆಯಲಿ ಎಂದು ಅವಳು ಮ್ಯಾನೇಜರಿಗೆ ಮೂರು ಮೇಲ್ ಕಳಿಸಿದ್ದಳು. ಒಂದಕ್ಕೂ ಉತ್ತರವಿಲ್ಲ. ಕೊನೆಗೆ ಇವತ್ತು ಬೆಳಿಗ್ಗೆ ಮೂರು ಉತ್ತರಗಳನ್ನೂ ಹೆಸರಿಟ್ಟು ಬರೆದು, ಉಳಿದದ್ದರ ಸಾಲು ಅಳಿಸಿ, 'ಕೇಸ್' ಎಂಬ ಆದೇಶ ಇದ್ದಲ್ಲಿ 'ಈಕೇಸ್' ಹಾಕಿದಳು. ಗುರುತಿಲ್ಲದ್ದು ಬಂದರೆ ಊಹೆ ಮಾಡದೆ ಅಲ್ಲೇ ನಿಂತುಬಿಡುವ ಜಾತಿ ಅದು. ಎರಡು ತಿಂಗಳ ರಿಪೋರ್ಟುಗಳನ್ನು ಅದರಲ್ಲಿ ಮತ್ತೆ ಓಡಿಸಿದಳು; ಕೆಟ್ಟ ರಕ್ತದ ಪ್ರತಿಯೊಂದು ರಿಪೋರ್ಟಿಗೂ ಅದು ನಿಂತಿತು.

"ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನಿಂತಿದ್ದಲ್ಲ ಅದು," ಎಂದರು ಮ್ಯಾನೇಜರು.

"ನಿಲ್ಲಬೇಕಾಗಿತ್ತು ಸರ್."

ಹಾಗೆ ನಿಂತಲ್ಲೆಲ್ಲ ಸಿಕ್ಕ ಹನ್ನೊಂದು ರೋಗಿಗಳ ಹೆಸರು, ಫೋನ್ ನಂಬರುಗಳ ಪಟ್ಟಿಯನ್ನು ಅವಳು ಮೇಜಿನ ಮೇಲೆ ತಳ್ಳಿದಳು. ಅವರು ಅರೆಮನಸ್ಸಿನಿಂದ ಕಣ್ಣಾಡಿಸಿದರು. ಡಾಕ್ಟರುಗಳೇನು ಕಣ್ಣು ಮುಚ್ಚಿಕೊಂಡು ಕೂತಿರುತ್ತಾರೆಯೇ, ಅನುಮಾನ ಬಂದರೆ ಇನ್ನೊಮ್ಮೆ ರಕ್ತ ತೆಗೆಸಿರುತ್ತಾರೆ, ನೀನು ಸುಮ್ಮನೆ ರಾದ್ಧಾಂತ ಮಾಡುತ್ತಿದ್ದೀಯ ಎಂದು ಗೊಣಗಿದರು. ಅವಳ ಬಾಯಿ ಮುಚ್ಚಿಸಲೆಂದೇ ಮೇಜಿನ ಫೋನನ್ನು ಸ್ಪೀಕರಿಗೆ ಹಾಕಿ, ಪಟ್ಟಿಯ ಮೊದಲ ನಂಬರು ಒತ್ತಿದರು.

ಎತ್ತಿದ್ದು ಹೆಂಗಸು. ಆಸ್ಪತ್ರೆ ಕಡೆಯಿಂದ, ನಿಮ್ಮ ಯಜಮಾನರು ಹೇಗಿದ್ದಾರೆ ಎಂದು ಮ್ಯಾನೇಜರು ವಿಚಾರಿಸಿದರು. ಆಕೆಗೆ ಖುಷಿಯಾಯಿತು. ಹೀಗೆ ಫೋನು ಮಾಡಿ ಕೇಳುವವರು ಯಾರಿದ್ದಾರೆ ಎಂದಳು.

"ತೊಂದರೆಯಿಲ್ಲ ಅಂತ ಬಂತಲ್ಲ ಸಾರ್, ಅವತ್ತೇ ಮಾತ್ರೆ ಬಿಟ್ಟುಬಿಟ್ರು. ಈಗ ಸ್ವಲ್ಪ ಜ್ವರ ಅಷ್ಟೆ, ಬೆಳಿಗ್ಗೆಯಿಂದ ಮಲಗಿದಾರೆ. ಎಬ್ಬಿಸ್ಲಾ?"

ಮ್ಯಾನೇಜರು ಪಟ್ಟಿಯ ಮೇಲೆ ಬೆರಳಿಟ್ಟುಕೊಂಡೇ ಇದ್ದರು.

"ಎಬ್ಬಿಸಮ್ಮ," ಎಂದರು.

ಆಕೆ ಫೋನು ಕೆಳಗಿಟ್ಟು ಹೋದಳು. ಚಪ್ಪಲಿಯ ಸದ್ದು ದೂರವಾಯಿತು, ಒಂದು ಬಾಗಿಲು ತೆರೆಯಿತು. ಒಳಗೆ ಆಕೆ ಗಂಡನನ್ನು ಮೆಲ್ಲಗೆ ಕರೆದಳು. ಮತ್ತೆ, ಇನ್ನೂ ಸ್ವಲ್ಪ ಜೋರಾಗಿ ಕರೆದಳು.