ಒರೆಸದ ಕುರ್ಚಿ

ಜಗಲಿಯ ಕುರ್ಚಿ ಒರೆಸಲು ಬಟ್ಟೆ ಹಿಂಡುತ್ತಿದ್ದೆ. ಗೇಟಿನ ಮುಂದೆ ಕಾರು ನಿಂತಿತು. ಇಳಿದವರನ್ನು ನೋಡಿ, ಹಿಂಡಿದ ಬಟ್ಟೆಯನ್ನು ಮತ್ತೆ ಬಕೆಟ್ಟಿಗೇ ಹಾಕಿದೆ.

ನಮ್ಮ ಬೀದಿಯಲ್ಲಿ ಯಾರೇ ಬರಲಿ, ಮೊದಲು ಕುರ್ಚಿ ಒರೆಸುತ್ತೇವೆ, ಆಮೇಲೆ ಕೂರಿಸುತ್ತೇವೆ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರದ ಚಿಮಣಿ ಹಿತ್ತಲಿನಿಂದಲೇ ಕಾಣುತ್ತದೆ. ಅದರ ಬೂದಿ ಸದ್ದಿಲ್ಲದೆ ಬಂದು ಎಲ್ಲದರ ಮೇಲೂ ಕೂರುತ್ತದೆ.

“ಕೂತ್ಕೊಳ್ಳಿ ಸಾಹೇಬ್ರೇ,” ಅಂದೆ.

ಅಚ್ಚ ಬಿಳಿ ಪ್ಯಾಂಟಿನಲ್ಲಿ ಕೂತರು. ನನ್ನ ಹೊಟ್ಟೆ ತಣ್ಣಗಾಯಿತು.

ಗೋಡೆಯಾಚೆಯಿಂದ ದರ್ಜಿಯಮ್ಮ ಕತ್ತು ಚಾಚಿದಳು. “ಅಕ್ಕಾ, ಕುರ್ಚಿ ಒರೆಸಲೇ ಇಲ್ವಲ್ಲ?”

“ಒದ್ದೆಯಾದೀತು ಅಂತ ಬಿಟ್ಟೆ ಕಣೇ.”

ಸಾಹೇಬರಿಗೆ ಆ ಮಾತು ತಟ್ಟಲಿಲ್ಲ. ಅವರು ಸ್ಥಾವರದ ದೊಡ್ಡ ಇಂಜಿನಿಯರ್ ಆಗಿದ್ದವರು. ನೀರಲ್ಲಿ ಕಲಸಿದ ಬೂದಿಯನ್ನು ತುಂಬಿಡುವ ಕೆರೆಯ ಪಂಪು ನೋಡಿಕೊಳ್ಳುತ್ತಿದ್ದವನು ನನ್ನ ಗಂಡ. ಏರಿಯ ಬುಡದಲ್ಲಿ ನೀರು ಜಿನುಗುತ್ತಿದೆ ಎಂದು ಹೇಳಲು ಹೋದವನಿಗೆ ಇವರು, “ಕಾಲು ಒದ್ದೆಯಾದ್ರೆ ಚಪ್ಪಲಿ ಬಿಚ್ಚಿಟ್ಟು ಓಡಾಡಯ್ಯ,” ಅಂದಿದ್ದರು. ಮನೆಗೆ ಬಂದು ನಗುತ್ತಲೇ ಹೇಳಿದ್ದ. ಆ ವಾರವೇ ಏರಿ ಒಡೆದು ಪಂಪಿನ ಕೋಣೆ ಬೂದಿಯಡಿ ಹೋಯಿತು, ಅವನೂ ಹೋದ. ತಪ್ಪು ಮಳೆಯದು ಎಂದು ತೀರ್ಮಾನವಾಯಿತು. ಸಾಹೇಬರು ಹಾರ ಹಾಕಿಸಿಕೊಂಡು ನಿವೃತ್ತರಾದರು. ಅಂದಿನಿಂದ ಬಟ್ಟೆ ಹಿಂಡುವಾಗೆಲ್ಲ ನಾನು ಹಿಂಡುವುದು ಬಟ್ಟೆಯನ್ನಲ್ಲ.

ಮಗಳು ಗುಬ್ಬಿ ತಲೆ ಬಾಚಿಸಿಕೊಳ್ಳಲು ರಿಬ್ಬನ್ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತಳು. ಕೆರೆಯ ಏರಿ ಒಡೆದು ಅಪ್ಪ ಹೋದ ಎಂದಷ್ಟೇ ಅವಳಿಗೆ ಗೊತ್ತು. ಏಕೆ ಒಡೆಯಿತು ಎಂದು ಒಮ್ಮೆಯೂ ಕೇಳಿಲ್ಲ. ಬಾಯಿ ತೆರೆಯುತ್ತಾಳೆ, ನನ್ನ ಮುಖ ನೋಡಿ ಮುಚ್ಚಿಕೊಳ್ಳುತ್ತಾಳೆ.

“ಗುಡ್ಡದ ಆಚೆ ಅಣು ಸ್ಥಾವರದ ಕಸ ತಂದು ಹೂಳ್ತಾರಂತೆ. ಸಂಜೆ ವಿರೋಧದ ಸಭೆ ಇದೆ. ನಿನ್ನ ಮಗಳು ಮಾತಾಡ್ಬೇಕಮ್ಮ,” ಅಂದರು ಸಾಹೇಬರು. “ಅಪ್ಪ ಇಲ್ಲದ ಮಗು ಮೈಕ್ ಮುಂದೆ ನಿಂತ್ರೆ ಜನ ಕರಗಿ ಹೋಗ್ತಾರೆ.”

ಬಾಚಣಿಗೆ ನಡುಬೈತಲೆಯಲ್ಲೇ ನಿಂತಿತು. ನನ್ನ ಗಂಡನ ಸಾವು ಕೂಡ ಇವರ ಕೆಲಸಕ್ಕೇ ಬರಬೇಕೇ? ಕಳಿಸೋಣ ಅನ್ನಿಸಿತು. ಮೈಕಿನಲ್ಲಿ ಊರೆಲ್ಲ ಕೇಳುವಂತೆ ಚಪ್ಪಲಿಯ ಮಾತು ಹೇಳಿಸೋಣ. ಆಮೇಲೆ ಕೈಯಡಿಯ ಆ ಪುಟ್ಟ ಕತ್ತು ನೋಡಿದೆ. ನನ್ನ ವಿಷವನ್ನು ಈ ಬಾಯಲ್ಲಿ ಹೇಗೆ ಇಡಲಿ? ಜಡೆ ಹೆಣೆಯತೊಡಗಿದೆ.

“ಭಯ ಪಡೋ ಅಂಥದ್ದೇ ತಾತಾ ಅದು?” ಗುಬ್ಬಿ ಕೇಳಿದಳು.

“ಮತ್ತೆ! ಸಾವಿರಾರು ವರ್ಷ ಅದರ ವಿಕಿರಣ ಅಡಗೋದಿಲ್ಲ ಮಗೂ. ಉಕ್ಕಿನ ಪೀಪಾಯಿ, ಅದರ ಸುತ್ತ ಕಾಂಕ್ರೀಟು, ಹಗಲು ರಾತ್ರಿ ಅಳೆಯೋ ಮೀಟರು, ಬಂದೂಕಿನ ಕಾವಲು. ಇಷ್ಟೆಲ್ಲ ಬೇಕಾಗುತ್ತೆ ಅಂದ್ರೆ ಎಂಥ ಅಪಾಯ ಅಂತ ನೀನೇ ಯೋಚ್ನೆ ಮಾಡು. ನೀನು ಒಂದೇ ಮಾತು ಕೇಳು ಸಾಕು. ‘ಈ ಕಸಾನ ಯಾರು ಕಾಯ್ತಾರೆ?’ ಹೇಳು ನೋಡೋಣ.”

ಅವಳು ರಿಬ್ಬನ್ ಬೆರಳಿಗೆ ಸುತ್ತಿಕೊಂಡಳು. ಆ ಕಸದ ಭಯ ನನಗೂ ಇದೆ. ಆದರೂ ಕೇಳಿದೆ, “ನಮ್ಮ ಕೆರೆಗೆ ಏನಿತ್ತು ಸಾಹೇಬ್ರೇ? ಮೀಟರಾ, ಬಂದೂಕಾ?”

“ಅಯ್ಯೋ, ಅದು ಬರೀ ಬೂದಿ ಕಣಮ್ಮ! ಎಲ್ಲಿಂದ ಎಲ್ಲಿಗೆ ಹೋಲಿಸ್ತೀಯ!”

“ಇವಳಪ್ಪ ಬಂದು ಹೇಳಿದ್ನಲ್ಲ, ಜಿನುಗ್ತಿದೆ ಅಂತ. ನೆನಪಿದ್ಯಾ?”

ಗೋಡೆಯಾಚೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಸಾಹೇಬರು ಗಡಿಯಾರ ನೋಡಿಕೊಂಡರು. “ನೂರು ಜನ ನೂರು ಹೇಳ್ತಾರೆ. ಎಲ್ಲಾ ನೆನಪಿರುತ್ತಾ? ಬರ್ತೀನಮ್ಮ.”

ಎದ್ದು ತಿರುಗಿದರು. ಸೊಂಟದಿಂದ ತೊಡೆಯವರೆಗೆ ಬಿಳಿ ಪ್ಯಾಂಟು ಬೂದಿ ಬಣ್ಣವಾಗಿತ್ತು. ಹೀಗೇ ಸಭೆಗೂ ಹೋಗಲಿ ಅಂದುಕೊಂಡೆ.

ಗುಬ್ಬಿ ಆ ಪ್ಯಾಂಟನ್ನು ನೋಡಿದಳು, ಖಾಲಿ ಕುರ್ಚಿಯನ್ನು ನೋಡಿದಳು. ಈ ಸಲ ನನ್ನ ಮುಖ ನೋಡಲಿಲ್ಲ. ಅರ್ಧ ಹೆಣೆದ ಜಡೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಗೇಟಿನವರೆಗೆ ಓಡಿ ಅಡ್ಡ ನಿಂತಳು.

“ತಾತಾ, ಅಪ್ಪ ಬಂದು ಹೇಳಿದ್ಮೇಲೆ, ನಮ್ಮ ಬೂದೀನ ಯಾರು ಕಾಯ್ತಿದ್ರು?”