ನಳಿಗೆಯೊಳಗಿನ ಸಂಸಾರ

ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದು ನಿಲ್ಲುವ ಕಾವಲುಗಾರರೊಬ್ಬರನ್ನು ಎಲ್ಲರೂ ಜಮಾದಾರರೆಂದೇ ಕರೆಯುತ್ತಿದ್ದರು. ಯಾವ ಸೈನ್ಯದಲ್ಲೂ ಅವರು ಜಮಾದಾರರಾಗಿರಲಿಲ್ಲ. ಮೀಸೆ ನೋಡಿ ಜನ ಕೊಟ್ಟ ಬಡ್ತಿ ಅದು. ದಿನ ಬೆಳಗಾದರೆ ಮೀಸೆಗೆ ಎಣ್ಣೆ, ಬೂಟಿಗೆ ಪಾಲಿಶ್. ಬಂದೂಕಿನ ಮರದ ಹಿಡಿಯನ್ನಂತೂ ಮುಖ ಕಾಣುವಷ್ಟು ಉಜ್ಜುತ್ತಿದ್ದರು. ನಳಿಗೆಯ ಒಳಗನ್ನು ಮಾತ್ರ ಇಣುಕಿಯೂ ನೋಡಿದವರಲ್ಲ.

"ಹಾರಿಸಿದ್ರೆ ತಾನೇ ಕೊಳೆ ಆಗೋದು? ನಾನು ಹಾರಿಸೇ ಇಲ್ವಲ್ಲ!"

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತ ಅವಳು ಹೇಳುತ್ತಿದ್ದಳು, "ರೀ, ಸುಮ್ನೆ ಬಿದ್ದಿರೋ ಮಷೀನೇ ಬೇಗ ತುಕ್ಕು ಹಿಡಿಯೋದು."

"ನಿನ್ನ ಮಷೀನು ಬೇರೆ ಕಣೇ. ಇದು ಆಯುಧ!"

"ಹೌದೌದು. ನನ್ನದು ಕೈಕೊಟ್ರೆ ಒಂದು ಅಂಗಿ ಹಾಳಾಗುತ್ತೆ, ಅಷ್ಟೇ."

ಒಂದು ವರ್ಷ ಜಮಾದಾರರು ಕಾಲು ಉಳುಕಿಸಿಕೊಂಡು ಒಂದು ತಿಂಗಳು ಮನೆ ಹಿಡಿದರು. ಬಂದೂಕು ಬ್ಯಾಂಕಿನ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಒಂಟಿಯಾಗಿ ನಿಂತಿತ್ತು. ಕೆಲಸಕ್ಕೆ ಮರಳಿದ ವಾರದಲ್ಲೇ ಕಾವಲುಗಾರರಿಗೆಲ್ಲ ಗುರಿ ಪರೀಕ್ಷೆ ಬಂತು.

ಪರೀಕ್ಷೆ ನಡೆಸಲು ಬಂದಾಕೆ ಜಮಾದಾರರ ಮಗಳ ವಯಸ್ಸಿನವಳು. ಬಂದೂಕನ್ನು ಮಡಚಿ, ತೋಟಾ ಇಲ್ಲವೆಂದು ಖಚಿತ ಮಾಡಿಕೊಂಡು, ಬೆಳಕಿಗೆ ಹಿಡಿದು ನೋಡಿದಳು. ಬಲಗಡೆಯ ನಳಿಗೆಯಲ್ಲಿ ಮಸುಕಾಗಿ ಆಕಾಶ ಕಂಡಿತು. ಎಡಗಡೆ ಬರೀ ಕತ್ತಲೆ.

"ಜಮಾದಾರ್ರೇ, ಈ ಕಡೆ ಯಾರೋ ಬಾಗಿಲು ಹಾಕ್ಕೊಂಡಿದ್ದಾರಲ್ಲ?"

ಕಡ್ಡಿ ತೂರಿಸಿ ತಳ್ಳಿದಾಗ ಒಣಗಿದ ಮಣ್ಣಿನ ಉಂಡೆಗಳು ಉದುರಿದವು, ಜೊತೆಗೆ ನಾಲ್ಕಾರು ಬಿಳಿ ಮರಿಹುಳುಗಳು. ಕುಂಬಾರ ಹುಳವೊಂದು ನಳಿಗೆಯೊಳಗೆ ಗೂಡು ಕಟ್ಟಿ ಸಂಸಾರ ಹೂಡಿತ್ತು. ಉಳಿದ ಕಾವಲುಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಜಮಾದಾರ್ರು ಯಾರಿಗೋ ಮನೆ ಕೊಟ್ಟಿದ್ದಾರೆ!"

ಆಕೆ ಮಾತ್ರ ನಗಲಿಲ್ಲ. ಜಮಾದಾರರು ಎಡಗೈಯಿಂದ ಬಂದೂಕು ಹಿಡಿಯುವ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಹೀಗೇ ಹಾರಿಸಿದ್ದಿದ್ರೆ ನಳಿಗೆ ಸೀಳಿ ಹೋಗ್ತಿತ್ತು. ನಿಮ್ಮ ಕೈ ಇರೋದು ಇಲ್ಲೇ ಅಲ್ವಾ?"

ಜಮಾದಾರರು ತಮ್ಮ ಎಡಗೈ ನೋಡಿಕೊಂಡರು. ಬ್ಯಾಂಕಿನಲ್ಲಿ ತಮ್ಮ ಪಕ್ಕದಲ್ಲೇ ಕಂಕುಳಲ್ಲಿ ಮಗು ಎತ್ತಿಕೊಂಡು ಸರದಿ ಕಾಯುವ ತಾಯಂದಿರು ಅವರ ಕಣ್ಣ ಮುಂದೆ ಬಂದರು.

ಆವತ್ತು ಆಕೆ ಗುಂಡು ಹಾರಿಸಲು ಬಿಡಲಿಲ್ಲ, ಒಳಗನ್ನು ಸ್ವಚ್ಛ ಮಾಡಲು ಕೂರಿಸಿದಳು. ಬ್ರಷ್ ಹಾಯಿಸಿದ ಮೇಲೆ ತೂರಿಸಿದ ಬಟ್ಟೆ ಮೊದಲು ಕಪ್ಪಗೆ, ಆಮೇಲೆ ತುಕ್ಕಿನ ಬಣ್ಣಕ್ಕೆ ಹೊರಬಂತು. ತೋಳು ಬಿದ್ದುಹೋಗುವಷ್ಟು ಉಜ್ಜಿದ ಮೇಲೆ ಹೋದ ಹಾಗೇ ಬೆಳ್ಳಗೆ ಬಂತು. ಕೊನೆಗೆ ತೆಳ್ಳಗೆ ಎಣ್ಣೆ.

ಮನೆಯಲ್ಲಿ ತುಟಿ ಬಿಚ್ಚಬಾರದೆಂದು ನಿಶ್ಚಯಿಸಿಯೇ ಹೊಸ್ತಿಲು ದಾಟಿದರು. ಆದರೆ ಸಹೋದ್ಯೋಗಿಯ ಫೋನು ಅವರಿಗಿಂತ ಮೊದಲೇ ಮನೆ ತಲುಪಿತ್ತು.

"ಬನ್ನಿ ಬನ್ನಿ," ಎಂದಳು ಹೆಂಡತಿ ಯಂತ್ರದಿಂದ ತಲೆಯೆತ್ತದೆ. "ಒಬ್ರೇ ಬಂದ್ರಾ? ಮಕ್ಕಳು ಮರಿ ಎಲ್ಲ ಅಲ್ಲೇ ಬಿಟ್ರಾ?"

ಜಮಾದಾರರು ಮುಖ ಊದಿಸಿಕೊಂಡು ಕುಳಿತರು. ಸ್ವಲ್ಪ ಹೊತ್ತಿಗೆ ಮೀಸೆಯಡಿ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮೆಲ್ಲಗೆ, "ಕೈ ಹೋಗ್ತಿತ್ತು ಕಣೇ," ಎಂದರು.

ಯಂತ್ರ ನಿಂತಿತು. ಅವಳು ಎದ್ದು ಬಂದು ಆ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಳಗಿನಿಂದ ಹಳೆಯ ಬಿಳಿ ಹತ್ತಿ ಬಟ್ಟೆ ತಂದು ನಳಿಗೆಗೆ ಆಗುವಷ್ಟು ಅಗಲದ ಪಟ್ಟಿಗಳನ್ನು ಕತ್ತರಿಸತೊಡಗಿದಳು. "ಇಷ್ಟೂ ಮುಗಿದ ಮೇಲೆ ಕೇಳಿ, ಇನ್ನೂ ಕೊಡ್ತೀನಿ. ಮುಗಿದಿಲ್ಲ ಅಂದ್ರೆ, ನೀವು ಉಜ್ಜಿಲ್ಲ ಅಂತ ನನಗೆ ಗೊತ್ತಾಗುತ್ತೆ."

ಅಲ್ಲಿಂದ ಪ್ರತಿ ಶನಿವಾರ ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೆ ಜಮಾದಾರರು ಹಿಂದಿನ ಕೋಣೆಯಲ್ಲಿ ಬಂದೂಕು ಬಿಚ್ಚಿ ಕೂರುತ್ತಿದ್ದರು.

ಮರುಪರೀಕ್ಷೆಯಲ್ಲಿ ಎರಡೂ ನಳಿಗೆಗಳು ಗುಡುಗಿದವು. ಎದುರಿನ ಗುರಿಹಲಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ಪರೀಕ್ಷಕಿ ಹಲಗೆ ನೋಡಿದಳು, ನಳಿಗೆಯೊಳಗೆ ನೋಡಿದಳು.

"ಬಂದೂಕು ಪಾಸು ಜಮಾದಾರ್ರೇ," ಎಂದಳು. "ನಿಮ್ಮದು ಮುಂದಿನ ತಿಂಗಳು ನೋಡೋಣ."