ನಡುವೆ ಕೂತವರು

"ಈಗ ನಾನು ಇಲ್ಲಿಲ್ಲ ಅತ್ತೆ, ಸಮುದ್ರದ ಆಚೆ ಇದೀನಿ" ಎಂದು ಸೊಸೆ ಲ್ಯಾಪ್‌ಟಾಪನ್ನು ಅತ್ತೆಯ ಕಡೆ ತಿರುಗಿಸಿದಳು. ಪರದೆಯ ಮೇಲೆ ಯಾವುದೋ ದೇಶದ ಬಾವುಟ, ಅದರ ಕೆಳಗೊಂದು ಹಸಿರು ಗುಂಡಿ. ಅತ್ತೆ ಕನ್ನಡಕ ಏರಿಸಿಕೊಂಡು ಬಾವುಟವನ್ನೊಮ್ಮೆ, ಪಕ್ಕದಲ್ಲೇ ಕೂತಿದ್ದ ಸೊಸೆಯನ್ನೊಮ್ಮೆ ನೋಡಿದರು.

ಮನೆಯ ಇಂಟರ್ನೆಟ್ ಕೆಟ್ಟು ಮೂರು ದಿನವಾಗಿತ್ತು. ಸೊಸೆಯದು ಆಸ್ಪತ್ರೆಯೊಂದರ ಕಾಗದಪತ್ರ ಅನುವಾದಿಸುವ ಕೆಲಸ. ಯಾರ ಹೊಟ್ಟೆಯಲ್ಲಿ ಗಡ್ಡೆ, ಯಾರ ಬಸಿರು ನಿಲ್ಲಲಿಲ್ಲ ಎಂಬುದೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಹಾಗಾಗಿ ಇಬ್ಬರೂ ಬೆಳಿಗ್ಗೆಯೇ ಬೀದಿ ಕೊನೆಯ ಗ್ರಂಥಾಲಯಕ್ಕೆ ಬಂದಿದ್ದರು. ಅತ್ತೆಗೆ ಪೇಪರು, ಸೊಸೆಗೆ ವೈಫೈ. ಊರವರೆಲ್ಲ ಬಳಸುವ ವೈಫೈಯಲ್ಲಿ ಯಾರಾದರೂ ಇಣುಕಬಹುದೆಂದು ಅವಳು ವಿಪಿಎನ್ ಹಾಕಿಕೊಂಡಿದ್ದಳು. ಹೊರಟದ್ದೆಲ್ಲ ಬೀಗ ಹಾಕಿದ ಕೊಳವೆಯಲ್ಲಿ ಆ ಬಾವುಟದ ದೇಶಕ್ಕೆ ಹೋಗಿ ಅಲ್ಲಿಂದ ಮುಂದೆ ಹೋಗುತ್ತದೆ, ಗ್ರಂಥಾಲಯದವರಿಗೂ ಕಾಣುವುದಿಲ್ಲ, ಮೇಲಾಗಿ ಪುಕ್ಕಟೆ ಎಂದು ವಿವರಿಸಿದಳು.

"ಪುಕ್ಕಟೆ ಸಿಕ್ರೆ ನನಗೊಂದು, ನಮ್ಮಪ್ಪನಿಗೊಂದು ಅಂತ ತಗೊಂಡ್ಯಾ?" ಎಂದು ಅತ್ತೆ ನಕ್ಕರು.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು ಅವರು. ತಂತಿಯ ಮಾತು ಬಂದರೆ ಈಗಲೂ ಕಿವಿ ನೆಟ್ಟಗಾಗುತ್ತಿತ್ತು. ಕೊಳವೆಯ ಆ ತುದಿಯಲ್ಲಿ ಬೀಗ ತೆಗೆಯುವವರು ಯಾರು ಎಂದು ಕೇಳಿದರು. ಕಂಪನಿಯವರು ಎಂದಳು ಸೊಸೆ. ಯಾವ ಕಂಪನಿ? ಸೊಸೆ ಹುಡುಕಿದಳು. ಹೆಸರಿಲ್ಲ, ವಿಳಾಸವಿಲ್ಲ. ಓದದೆಯೇ ಒಪ್ಪಿಕೊಂಡಿದ್ದ ಷರತ್ತುಗಳ ತಳದಲ್ಲೆಲ್ಲೋ, ಬಳಸುವವರು ಹೋಗಿಬರುವ ತಾಣಗಳ ವಿವರವನ್ನು ಪಾಲುದಾರರಿಗೆ ಕೊಡಲಾಗುವುದು ಎಂಬ ಸಾಲು ಸಿಕ್ಕಿತು.

"ಒಳಗಿನ ವಿಷಯ ಅವರಿಗೆ ಕಾಣಲ್ಲ ಅತ್ತೆ, ಅದಕ್ಕೆ ಬೇರೆ ಬೀಗ ಇದೆ. ಯಾರ ಜೊತೆ, ಎಷ್ಟು ಹೊತ್ತು ಅನ್ನೋದಷ್ಟೇ ಗೊತ್ತಾಗುತ್ತೆ."

ಅತ್ತೆ ಪೇಪರು ಮಡಿಸಿಟ್ಟರು.

"ನಂಗೂ ಅಷ್ಟೇ ಗೊತ್ತಿದ್ದಿದ್ದು" ಎಂದರು.

ಎಕ್ಸ್‌ಚೇಂಜಿಗೆ ಸೇರಿದ ಹೊಸತರಲ್ಲಿ, ಶಾಲೆಯ ಟೀಚರೊಬ್ಬಳು ಪ್ರತಿ ಬುಧವಾರ ಬೇರೆ ಊರಿನ ಒಂದೇ ನಂಬರಿಗೆ ಟ್ರಂಕ್ ಕಾಲ್ ಮಾಡುತ್ತಿದ್ದಳಂತೆ, ಜೋಡಿಸಿಕೊಡುತ್ತಿದ್ದವರು ಅತ್ತೆ. ಅದು ಮನೋರೋಗಿಗಳ ಆಸ್ಪತ್ರೆಯ ನಂಬರು. ಅತ್ತೆ ಒಂದು ದಿನವೂ ಅವಳ ಮಾತು ಕದ್ದು ಕೇಳಿದವರಲ್ಲ. ಆದರೆ ಪಕ್ಕದ ಮನೆಯವಳ ಹತ್ತಿರ, ಆ ಟೀಚರಿಗೆ ಅಲ್ಲೇನು ಕೆಲಸವೋ ಎಂದು ಬಾಯಿ ತಪ್ಪಿ ಆಡಿಬಿಟ್ಟರು. ತಿಂಗಳೊಳಗೆ ಟೀಚರಿಗೆ ಗೊತ್ತಾಗಿದ್ದ ಮದುವೆ ಮುರಿದುಹೋಯಿತು.

"ಅಲ್ಲಿದ್ದಿದ್ದು ಅವಳ ತಮ್ಮ. ಕದ್ದು ಕೇಳಿದ್ರೆ ಅದಾದ್ರೂ ತಿಳೀತಿತ್ತು. ನಾನು ಕೇಳ್ಲೂ ಇಲ್ಲ, ಸುಮ್ನಿರ್ಲೂ ಇಲ್ಲ."

ಮದುವೆಯಾಗಿ ಬಂದ ಎಂಟು ವರ್ಷದಲ್ಲಿ ಸೊಸೆ ಈ ಮಾತನ್ನು ಕೇಳಿರಲಿಲ್ಲ. ಅವಳು ಆ ವಿಪಿಎನ್ ಅಳಿಸಿಹಾಕಿ ತನ್ನ ಕೆಲಸದ ಆಸ್ಪತ್ರೆಗೆ ಫೋನ್ ಮಾಡಿದಳು. ಅವರದೇ ಒಂದು ವಿಪಿಎನ್ ಇತ್ತು, ಇವಳು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಕಂಪ್ಯೂಟರ್ ವಿಭಾಗದ ಹೆಂಗಸೊಬ್ಬಳು ಅರ್ಧ ಗಂಟೆ ಫೋನಿನಲ್ಲೇ ಕೂತು ಜೋಡಿಸಿಕೊಟ್ಟಳು. ಅಲ್ಲೂ ನಡುವೆ ಒಬ್ಬರು ಇರುತ್ತಾರಾ ಎಂದು ಅತ್ತೆ ಪಿಸುಗುಟ್ಟಿದರು. ಇರುತ್ತಾರೆ, ಈಗ ಮಾತಾಡಿದವಳೇ ಎಂದಳು ಸೊಸೆ. ದನಿ ಕೇಳಿದರೆ ಒಳ್ಳೆಯವಳ ಹಾಗಿದ್ದಾಳೆ ಎಂದರು ಅತ್ತೆ. ಎಕ್ಸ್‌ಚೇಂಜಿನಲ್ಲಿ ನನ್ನ ದನಿಯೂ ಚೆನ್ನಾಗಿಯೇ ಇತ್ತು ಎಂದು ಸೇರಿಸಿದರು.

ಸೊಸೆ ಮೊದಲ ಕಾಗದ ತೆರೆದಳು. ಮೇಲುಗಡೆ ರೋಗಿಯ ಹೆಸರು, ವಯಸ್ಸು. ಅತ್ತೆ ಎದ್ದು, ಸದ್ದಾಗದಂತೆ ಕುರ್ಚಿಯನ್ನು ಎತ್ತಿ ಕಿಟಕಿಯ ಕಡೆಗೆ ತಿರುಗಿಸಿಟ್ಟುಕೊಂಡು ಕೂತರು.